ವೈದ್ಯವಿದ್ಯಾರ್ಥಿಗಳ ಗ್ರಾಮವಾಸ: ಬಬ್ಬೂರು ಸೀಮೆಯಿಂದ ನೋಡಿದಾಗ

ಹಿರಿಯೂರಿಗೆ ಸಮೀಪದಲ್ಲಿ ವೇದಾವತಿಯ ಬಯಲಿನಲ್ಲಿರುವ ಬಬ್ಬೂರಿನ ಹೆಸರನ್ನು ನಾಡಿನ ಜನ ಎರಡು ಕಾರಣಗಳಿಂದ ಬಲ್ಲರು. ಬಬ್ಬೂರುಕಮ್ಮೆ ಎಂಬ ಬ್ರಾಹ್ಮಣ ಪಂಗಡದ ಹೆಸರು ಈ ಊರಿನೊಡನೆ ಸೇರಿಕೊಂಡಿದೆಯೆಂಬುದು ಒಂದು ಕಾರಣ. ಮಾರಿಕಣಿವೆಯ ನೀರು ಹರಿಯತೊಡಗಿದ ತರುವಾಯ ಇಲ್ಲಿ ಏರ್ಪಟ್ಟು ಇಂದಿಗೂ ನಡೆದುಬರುತ್ತಿರುವ ಕೃಷಿ ಪ್ರಯೋಗಕ್ಷೇತ್ರ, ಜನರ ಬಾಯಲ್ಲಿ ‘ಬಬ್ಬೂರು ಫಾರಂ’ ಎನ್ನಿಸಿಕೊಂಡಿರುವುದು, ಎರಡನೆಯದು. ಪ್ರಕೃತ ಲೇಖನದ ವಿಷಯ ವೈದ್ಯಶಿಕ್ಷಣವಾದರೂ ಫಾರಮಿನಿಂದ ಆರಂಭಿಸುವುದಕ್ಕೆ ಕಾರಣವುಂಟು. ಬೆಳೆಯ ರೋಗವನ್ನು ತಿಳಿಯಬೇಕಾದರೆ ಬೆಳೆ ನಿಂತಿರುವ ಹೊಲದಲ್ಲಿಯೇ, ಬಿತ್ತನೆಯಿಂದ ಕಟಾವಿನವರೆಗೆ, ಅದೂ ಒಂದಕ್ಕಿಂತ ಹೆಚ್ಚು ವರ್ಷ ನೋಡಬೇಕೆಂಬುದನ್ನು ಕೃಷಿಶಾಸ್ತ್ರ ಎಂದೋ ಒಪ್ಪಿಕೊಂಡಿದೆ. ಕೃಷಿ ವಿಶ್ವವಿದ್ಯಾನಿಲಯಗಳ ಅಂತಿಮ ವರ್ಷದ ವಿದ್ಯಾರ್ಥಿಗಳು ‘ಗ್ರಾಮೀಣ ಕೃಷಿ ಕಾರ್ಯಾನುಭವ’ವೆಂಬ ಹೆಸರಿನಲ್ಲಿ ತಿಂಗಳುಗಟ್ಟಲೆ ಹಳ್ಳಿಗಳಲ್ಲಿ ಬಿಡಾರ ಮಾಡಿ ರೈತರ ಜೊತೆಯಲ್ಲಿ ಓಡಾಡುತ್ತಾರೆ. ಮನುಷ್ಯನ ರೋಗವನ್ನು ಕಲಿಯುವವರಿಗೆ ಮಾತ್ರ ಈ ನಿಯಮ ಏತಕ್ಕೆ ಇಷ್ಟು ತಡವಾಗಿ, ಇಷ್ಟು ಅರೆಮನಸ್ಸಿನಿಂದ ಅನ್ವಯವಾಯಿತೆಂಬುದು ವಿಚಾರಾರ್ಹವಾದ ಪ್ರಶ್ನೆ.

ವೈದ್ಯರನ್ನು ಹಳ್ಳಿಗೆ ಕಳುಹಿಸುವುದು ಬೇರೆ, ವೈದ್ಯವಿದ್ಯಾರ್ಥಿಯನ್ನು ಹಳ್ಳಿಯಲ್ಲಿ ಕಲಿಸುವುದು ಬೇರೆ. ಮೊದಲನೆಯದು ಸೇವೆ, ಅದರ ಫಲ ರೋಗಿಗೆ. ಎರಡನೆಯದು ಶಿಕ್ಷಣ, ಅದರ ಫಲ ಮೊದಲು ವಿದ್ಯಾರ್ಥಿಗೆ, ಬಹುಕಾಲದ ಮೇಲೆ ಸಮಾಜಕ್ಕೆ. ನಮ್ಮ ನಾಡಿನ ಸಮಿತಿಗಳ ವರದಿಗಳಲ್ಲಿಯೂ ಕಾಯಿದೆಗಳಲ್ಲಿಯೂ ಇವೆರಡೂ ಬೆರೆತುಹೋಗಿವೆ. ಬೆರಕೆಯ ಫಲವಾಗಿ ಎರಡನೆಯದು ಸದಾ ಮೊದಲನೆಯದಕ್ಕೆ ಅಡಿಯಾಳಾಯಿತೆಂದು ನನ್ನ ಅಭಿಪ್ರಾಯ.

ಬಬ್ಬೂರು ಸೀಮೆಯ ಹಿಂದಿನ ಚರಿತ್ರೆಯನ್ನೇ ಒಂದು ಉದಾಹರಣೆಯಾಗಿ ತೆಗೆದುಕೊಳ್ಳೋಣ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಕಟ್ಟೆಯ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ವಾಣೀವಿಲಾಸಸಾಗರವೆಂದು ನಾಮಾಂಕಿತವಾದ ಈ ಜಲಾಶಯ ತನ್ನ ದೀರ್ಘ ಚರಿತ್ರೆಯಲ್ಲಿ ಕೋಡಿ ಬಿದ್ದುದು ಬಹು ಅಪರೂಪ. 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿದುದು 2022ರಲ್ಲಿ. ಮಳೆ ಕಡಮೆಯಾದ ಈ ಸೀಮೆಗೆ ಕಾಲುವೆಯ ನೀರು ವರವಾಗಿ ಬಂದಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಾಲುವೆ ಹರಿದ ನಾಡುಗಳಲ್ಲೆಲ್ಲ ಅದರ ಬೆನ್ನ ಹಿಂದೆ ಇನ್ನೊಂದು ಬರುತ್ತಿದ್ದಿತು. ಕಾಲುವೆಯ ಅಂಚಿನ ಸೋರುನೀರು, ಗದ್ದೆಯ ಬಸಿನೀರು, ಹೂಳು ತುಂಬಿದ ಕಿರುಗಾಲುವೆ, ಇವೆಲ್ಲ ಚಳಿಜ್ವರವನ್ನು ಹರಡುವ ಅನಾಫಿಲಿಸ್ ಜಾತಿಯ, ಅದರಲ್ಲಿಯೂ ಕ್ಯುಲಿಸಿಫೇಸಿಸ್ ಎಂಬ ಪ್ರಭೇದದ, ಸೊಳ್ಳೆಗೆ ಹೇಳಿಮಾಡಿಸಿದ ತಾಣಗಳು. ಹಿರಿಯೂರು ಸೀಮೆ ಒಂದು ಕಾಲಕ್ಕೆ ಚಳಿಜ್ವರಕ್ಕೆ ಹೆಸರಾಗಿದ್ದಿತು. ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1930ರ ಸುಮಾರಿನಲ್ಲಿ ಮಲೇರಿಯಾದ ಸಂಶೋಧನೆಗೆ ಕೈಹಾಕಿದಾಗ ಕ್ಷೇತ್ರ ಠಾಣೆಗಳಿಗಾಗಿ ಮಲೆನಾಡಿನ ಮೂಡಿಗೆರೆ, ಶ್ರೀರಂಗಪಟ್ಟಣದ ಕಡೆಯ ನಗೇನಹಳ್ಳಿ ಇವುಗಳೊಡನೆ ಹಿರಿಯೂರನ್ನೂ ಆರಿಸಿಕೊಂಡುದು ಈ ಕಾರಣದಿಂದಲೇ ಇರಬೇಕು.

ಈ ಕಾರ್ಯದಲ್ಲಿ ತೊಡಗಿದ್ದ ಡಾ. ಡಬ್ಲ್ಯು. ಸಿ. ಸ್ವೀಟ್ ಮತ್ತು ಬಿ. ಎ. ರಾವ್ ಎಂಬವರು 1937ರಲ್ಲಿ ಪ್ರಕಟಿಸಿದ ಒಂದು ಸಂಗತಿ ನಮ್ಮ ವಿಷಯಕ್ಕೆ ಬಹು ಸಮೀಪವಾದುದು. ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆಯ ಮೊಟ್ಟೆಗಳನ್ನು ಅಳೆದು ನೋಡಿದಾಗ, ಕಣ್ಣಿಗೆ ಒಂದೇ ಆಗಿ ಕಾಣುವ ಈ ಸೊಳ್ಳೆಯಲ್ಲಿ ಎರಡು ಬಗೆಗಳಿವೆಯೆಂದು ಅವರಿಗೆ ತಿಳಿದುಬಂದಿತು. ಎರಡನೆಯ ಬಗೆಗೆ ಅವರು ‘ಮೈಸೊರೆನ್ಸಿಸ್’ ಎಂದು ಹೆಸರಿಟ್ಟರು. ಮೊದಲನೆಯ ಬಗೆ ಹೆಚ್ಚಾಗಿ ಪಟ್ಟಣದ ಬಾವಿ, ತೊಟ್ಟಿಗಳಲ್ಲಿ ಬೆಳೆದು ಜ್ವರವನ್ನು ಹರಡುವುದೆಂದೂ, ಮೈಸೂರಿನ ಹೆಸರು ಹೊತ್ತ ಬಗೆ ಹಳ್ಳಿಗಾಡಿನದು, ನಮ್ಮ ದೇಶದಲ್ಲಿ ಜ್ವರ ಹರಡುವುದರಲ್ಲಿ ಅದರ ಪಾತ್ರ ಅತ್ಯಲ್ಪವೆಂದೂ ಮುಂದಿನ ಅಧ್ಯಯನಗಳಿಂದ ಸ್ಪಷ್ಟವಾಯಿತು. ಪಟ್ಟಣದ ಸೊಳ್ಳೆ ಬೇರೆ, ಹಳ್ಳಿಯ ಸೊಳ್ಳೆ ಬೇರೆಯೆಂಬ ಈ ವಿವೇಕ ಪಟ್ಟಣದ ಪ್ರಯೋಗಶಾಲೆಯಲ್ಲಿ ಮಾತ್ರ ಕುಳಿತವರಿಗೆ ದೊರೆಯತಕ್ಕುದಲ್ಲ. ಮಂಡ್ಯದಲ್ಲಿ ಅದೇ ಕಾಲದಲ್ಲಿ ಸ್ಥಾಪಿತವಾದ ಗ್ರಾಮೀಣ ಆರೋಗ್ಯ ಘಟಕ, ಅನಂತರ ರಾಮನಗರದಲ್ಲಿ ಏರ್ಪಟ್ಟ ಆರೋಗ್ಯ ತರಬೇತಿ ಕೇಂದ್ರ, ಇವೂ ಇದೇ ಪ್ರೇರಣೆಯ ಫಲಗಳು. ಹೀಗೆ ಹಳ್ಳಿಯನ್ನೇ ಪಾಠಶಾಲೆಯನ್ನಾಗಿ ಮಾಡಿಕೊಳ್ಳುವ ಸಾಮಗ್ರಿ ಮೈಸೂರು ಸಂಸ್ಥಾನದಲ್ಲಿ ಸ್ವಾತಂತ್ರ್ಯಕ್ಕೆ ಮೊದಲೇ ಸಿದ್ಧವಾಗಿದ್ದಿತು.

ವೈದ್ಯಶಿಕ್ಷಣ ನಡೆದುದು ಬೇರೆ ದಾರಿಯಲ್ಲಿ. 1917ರಲ್ಲಿ ಬೆಂಗಳೂರಿನಲ್ಲಿ ವೈದ್ಯಶಾಲೆ ಆರಂಭವಾಯಿತು. 1924ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರು ವೈದ್ಯಕೀಯ ಕಾಲೇಜು ಅದೇ ನಗರದಲ್ಲಿ ತಲೆಯೆತ್ತಿ 1930ರಲ್ಲಿ ಮೈಸೂರಿಗೆ ವರ್ಗವಾಯಿತು. ಮಣಿಪಾಲ, ಬೆಂಗಳೂರು, ಹುಬ್ಬಳ್ಳಿಯ ಕಾಲೇಜುಗಳು 1950ರ ದಶಕದಲ್ಲಿಯೂ, ಬಳ್ಳಾರಿ, ಬೆಳಗಾವಿ, ದಾವಣಗೆರೆಯವು 1960ರ ದಶಕದಲ್ಲಿಯೂ ಬಂದುವು. ಇವೆಲ್ಲವೂ ದೊಡ್ಡ ಆಸ್ಪತ್ರೆಯನ್ನು ನೆಚ್ಚಿದ ಸಂಸ್ಥೆಗಳು. ಹಾಸಿಗೆಯ ಪಕ್ಕದಲ್ಲಿ ನಿಂತು ಕಲಿಯುವ ಪದ್ಧತಿಯ ಗುಣವನ್ನು ಅಲ್ಲಗಳೆಯಲಾಗದು. ಆದರೆ ಹಾಸಿಗೆಯ ಮೇಲೆ ಮಲಗಿರುವ ರೋಗಿ ತನ್ನ ರೋಗದ ಕೊನೆಯ ಅಧ್ಯಾಯವನ್ನು ಮಾತ್ರ ಆಸ್ಪತ್ರೆಗೆ ತಂದಿರುತ್ತಾನೆ. ಹಿಂದಿನ ಅಧ್ಯಾಯಗಳು ಅವನ ಮನೆಯಲ್ಲಿ, ಹೊಲದಲ್ಲಿ, ಕುಡಿಯುವ ನೀರಿನಲ್ಲಿ, ತೀರದ ಸಾಲದಲ್ಲಿ ಉಳಿದಿರುತ್ತವೆ. ಚರಿತ್ರೆಯ ಉಪನ್ಯಾಸಕನಾದ ನಾನು ಇದನ್ನು ಹೇಳುವಾಗ ಸ್ವಲ್ಪ ವೃತ್ತಿಪಕ್ಷಪಾತವಿದ್ದೀತು. ಯುದ್ಧದ ತೇದಿಯನ್ನು ಬಲ್ಲ ವಿದ್ಯಾರ್ಥಿ ಯುದ್ಧದ ಕಾರಣವನ್ನು ಬಲ್ಲನೆಂದು ನಾವು ಒಪ್ಪುವುದಿಲ್ಲವಷ್ಟೆ.

ಈ ಕೊರತೆಯನ್ನು ಮೊದಲು ಅಧಿಕೃತವಾಗಿ ಎತ್ತಿ ತೋರಿಸಿದುದು 1946ರಲ್ಲಿ ವರದಿ ನೀಡಿದ ಭೋರ್ ಸಮಿತಿ. ನಾಳೆಯ ವೈದ್ಯನು ‘ಸಾಮಾಜಿಕ ವೈದ್ಯ’ನಾಗಬೇಕು, ಅದಕ್ಕಾಗಿ ರೋಗಪ್ರತಿಬಂಧಕ ಮತ್ತು ಸಾಮಾಜಿಕ ವೈದ್ಯದಲ್ಲಿ ಮೂರು ತಿಂಗಳ ತರಬೇತಿ ಅವನಿಗಿರಬೇಕೆಂದು ಅದು ಶಿಫಾರಸು ಮಾಡಿತು. ಈ ವಿಚಾರದ ವಂಶಾವಳಿಯನ್ನು ಹುಡುಕಿದರೆ ನಾವು ಚೀನದೇಶಕ್ಕೆ ಹೋಗಬೇಕಾಗುತ್ತದೆ. ಸಮಿತಿಯ ಸದಸ್ಯರಲ್ಲಿ ಒಬ್ಬರಾದ ಡಾ. ಜಾನ್ ಬಿ. ಗ್ರಾಂಟ್ ಪೀಕಿಂಗಿನ ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದಾಗ, ಆಸ್ಪತ್ರೆಯನ್ನು ಬಿಟ್ಟು ನಗರದ ಒಂದು ವಸತಿಯನ್ನೇ ವಿದ್ಯಾರ್ಥಿಗಳ ಪಾಠದ ಕ್ಷೇತ್ರವನ್ನಾಗಿ ಮಾಡಿ 1925ರಲ್ಲಿ ಆರೋಗ್ಯ ಠಾಣೆಯೊಂದನ್ನು ತೆರೆದಿದ್ದರು. ಅವರ ಶಿಷ್ಯ ಸಿ. ಸಿ. ಚೆನ್ 1932ರಲ್ಲಿ ಡಿಂಗ್‌ಷಿಯನ್ ಎಂಬ ಹಳ್ಳಿಗಾಡಿನಲ್ಲಿ ಅದೇ ಕೆಲಸವನ್ನು ಮುಂದುವರಿಸಿದರು. ಗ್ರಾಂಟ್ 1939ರಲ್ಲಿ ಕಲ್ಕತ್ತೆಯ ಅಖಿಲ ಭಾರತ ಆರೋಗ್ಯಶಾಸ್ತ್ರ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಅದೇ ವರ್ಷ ಬಂಗಾಳದ ಸಿಂಗೂರಿನಲ್ಲಿ ಗ್ರಾಮೀಣ ಆರೋಗ್ಯ ಘಟಕ ಆರಂಭವಾಯಿತು. ಮೈಸೂರಿಗೆ ಹಣವನ್ನೊದಗಿಸಿದ ಅದೇ ಪ್ರತಿಷ್ಠಾನವೇ ಪೀಕಿಂಗಿಗೂ ಒದಗಿಸಿದ್ದಿತೆಂಬುದನ್ನು ನೆನೆದರೆ ಮಂಡ್ಯ, ಪೀಕಿಂಗ್, ಸಿಂಗೂರುಗಳು ಒಂದೇ ಮರದ ಕೊಂಬೆಗಳೆಂಬುದು ವಿದಿತವಾಗುತ್ತದೆ.

ಭೋರ್ ಸಮಿತಿಯ ಇನ್ನೊಂದು ತೀರ್ಮಾನವನ್ನು ಇಲ್ಲಿ ಮರೆಯಲಾಗದು. ಅದುವರೆಗೆ ಕಡಮೆ ಅವಧಿಯ ಶಿಕ್ಷಣ ಪಡೆದ ಲೈಸೆನ್ಷಿಯೇಟ್ ವೈದ್ಯರು, ಜನರು ಎಲ್‌. ಎಂ. ಪಿ. ಡಾಕ್ಟರೆಂದು ಕರೆಯುತ್ತಿದ್ದವರು, ತಾಲ್ಲೂಕು ಕಸಬೆಗಳಲ್ಲಿ ಮನೆ ಮಾಡಿ ಮೂರು ತಲೆಮಾರುಗಳ ನಾಡಿ ನೋಡುತ್ತಿದ್ದರು. ದೇಶಕ್ಕೆಲ್ಲ ಒಂದೇ ದರ್ಜೆಯ ವೈದ್ಯ ಸಾಕೆಂದು ಸಮಿತಿಯ ಬಹುಮತ ಈ ಶಿಕ್ಷಣವನ್ನು ನಿಲ್ಲಿಸಲು ಹೇಳಿತು. ಕೆಲವು ಸದಸ್ಯರು ಭಿನ್ನಮತ ಬರೆದರು. ಬಹುಮತದ ಉದ್ದೇಶ ಉದಾತ್ತವಾದುದೇ. ಹಳ್ಳಿಯವರಿಗೆ ಏತಕ್ಕೆ ಕೆಳದರ್ಜೆಯ ವೈದ್ಯ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಆದರೂ ಹಳ್ಳಿಯ ಪರಿಚಯವಿದ್ದ ವರ್ಗವನ್ನು ತೆಗೆದುಹಾಕಿ, ಆ ಪರಿಚಯವನ್ನು ಮೂರು ತಿಂಗಳ ತರಬೇತಿಯಿಂದ ತುಂಬಿಕೊಡುವೆವೆಂದು ನಂಬಿದುದು ಲೆಕ್ಕದ ತಪ್ಪೆಂದೇ ನನಗೆ ತೋರುತ್ತದೆ. ಆ ಮೂರು ತಿಂಗಳೂ ಪೂರ್ತಿಯಾಗಿ ದಕ್ಕಲಿಲ್ಲ.

1955ರ ವೈದ್ಯಶಿಕ್ಷಣ ಸಮ್ಮೇಳನದ ತರುವಾಯ ಕಾಲೇಜುಗಳಲ್ಲಿ ಪ್ರತಿಬಂಧಕ ಹಾಗೂ ಸಾಮಾಜಿಕ ವೈದ್ಯದ ವಿಭಾಗಗಳು ಬಲಗೊಂಡುವು. 1952ರಿಂದ ಸಮುದಾಯ ಅಭಿವೃದ್ಧಿ ಯೋಜನೆಯ ಅಂಗವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹುಟ್ಟಿಕೊಂಡಿದ್ದುವು. 1975ರ ಶ್ರೀವಾಸ್ತವ ಸಮಿತಿ ಹಳೆಯ ದೂರನ್ನೇ ಹೊಸದಾಗಿ ಹೇಳಿತು, ಅಂದರೆ ನಮ್ಮ ವೈದ್ಯಶಿಕ್ಷಣ ಪಟ್ಟಣದ ಆಸ್ಪತ್ರೆಗೆ ತಕ್ಕುದು, ದೇಶದ ಬಹುಜನಕ್ಕೆ ತಕ್ಕುದಲ್ಲ ಎಂದು. ಅದರ ಫಲವಾಗಿ 1977ರಲ್ಲಿ ವೈದ್ಯಶಿಕ್ಷಣದ ಪುನರ್ವಿನ್ಯಾಸ ಯೋಜನೆ ಬಂದಿತು. ಪ್ರತಿಯೊಂದು ಕಾಲೇಜೂ ಮೂರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊಣೆ ಹೊರಬೇಕು, ಅಧ್ಯಾಪಕರೂ ವಿದ್ಯಾರ್ಥಿಗಳೂ ಅಲ್ಲಿಗೆ ಹೋಗಬೇಕು ಎಂಬುದು ಏರ್ಪಾಟು. ಬ್ರಿಟನ್ನಿನ ನೆರವಿನಿಂದ ದೊಡ್ಡ ಸಂಚಾರಿ ಚಿಕಿತ್ಸಾ ವಾಹನಗಳೂ ಬಂದುವು. ನಮ್ಮ ಹಳ್ಳಿಗಳ ದಾರಿಗೆ ಅವು ತೀರ ದೊಡ್ಡವಾಗಿದ್ದುವು. ಆದರೆ ನನ್ನ ಆಕ್ಷೇಪಣೆ ವಾಹನದ ಅಗಲವನ್ನು ಕುರಿತದ್ದಲ್ಲ. ವಾಹನವೆಂಬುದು ಸಂಜೆ ಹಿಂದಿರುಗುವ ವಸ್ತು. ಬೆಳಿಗ್ಗೆ ಬಂದು ಸಂಜೆ ಹಿಂದಿರುಗುವವನಿಗೆ ಹಳ್ಳಿ ತನ್ನ ಹಗಲಿನ ಮುಖವನ್ನು ತೋರಿಸುತ್ತದೆ. ಹೆರಿಗೆ, ಕುಡಿತ, ಹಾವು ಕಡಿತ, ಮಗುವಿನ ಉಬ್ಬಸ, ಇವು ಹೆಚ್ಚಾಗಿ ರಾತ್ರಿಯ ಸಂಗತಿಗಳು.

ಇಷ್ಟಾದರೂ ನಮ್ಮ ನಾಡಿನಲ್ಲಿಯೇ ಬೇರೊಂದು ಬಗೆಯ ಪ್ರಯೋಗ ನಡೆದುದುಂಟು. ಬೆಂಗಳೂರಿನಲ್ಲಿ 1963ರಲ್ಲಿ ಸ್ಥಾಪಿತವಾದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ವಿದ್ಯಾರ್ಥಿಗಳನ್ನು ಹಳ್ಳಿಗಳಲ್ಲಿ ವಾಸವಿರಿಸಿ ಗ್ರಾಮಪರಿಚಯ ಮಾಡಿಸುವ ಪದ್ಧತಿಯನ್ನು ಬೆಳೆಸಿತು. 1973ರಲ್ಲಿ ಅದು ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ ಅಲ್ಲಿಯ ಹಾಲು ಉತ್ಪಾದಕರ ಸಹಕಾರ ಸಂಘದೊಡನೆ ಕೂಡಿ ಆರೋಗ್ಯ ಸಹಕಾರವೊಂದನ್ನು ಏರ್ಪಡಿಸಿತು. ಇದರ ಸೂತ್ರ ಬಹು ಸರಳ. ಸಂಘಕ್ಕೆ ಹಾಲು ಹಾಕುವ ರೈತನ ಲೆಕ್ಕದಲ್ಲಿ ಪ್ರತಿ ಲೀಟರಿಗೆ ಅತ್ಯಲ್ಪ ಮೊತ್ತವನ್ನು ಮುರಿದುಕೊಂಡು ಆ ಹಣದಿಂದ ಊರಿನ ಆರೋಗ್ಯಕಾರ್ಯವನ್ನು ನಡೆಸುವುದು. ಕಾಲೇಜಿನ ಇಂಟರ್ನ್‌ಗಳು ಅಲ್ಲಿಯೇ ಇದ್ದು ತರಬೇತಿ ಪಡೆದರು. ಹಾಲು ಕರೆಯುವ ಹೊತ್ತಿಗೆ ಏಳದಿದ್ದರೆ ಊರಿನ ಜನ ಸಿಕ್ಕುವುದಿಲ್ಲ, ಹಾಲು ಕಡಮೆಯಾದರೆ ಔಷಧದ ಹಣವೂ ಕಡಮೆಯಾಗುತ್ತದೆ ಎಂಬಂಥ ಪಾಠಗಳು ಯಾವ ಪಠ್ಯಪುಸ್ತಕದಲ್ಲಿಯೂ ಇರುವುದಿಲ್ಲ. ಇಲ್ಲಿಯ ವಿಶೇಷವೆಂದರೆ ಹಳ್ಳಿಯು ದಾನ ಪಡೆಯುವ ಸ್ಥಾನದಲ್ಲಿರಲಿಲ್ಲ. ಹಣ ಕೊಟ್ಟವರು ಊರಿನವರಾದುದರಿಂದ ಪ್ರಶ್ನಿಸುವ ಹಕ್ಕೂ ಅವರದಾಗಿದ್ದಿತು. ಕಲಿಯುವವನಿಗೆ ಇದಕ್ಕಿಂತ ಉತ್ತಮವಾದ ಪರೀಕ್ಷಾ ಮಂಡಲಿ ದೊರೆಯದು.

ಮಹಾರಾಷ್ಟ್ರದ ಸೇವಾಗ್ರಾಮದಲ್ಲಿ ಡಾ. ಸುಶೀಲಾ ನಯ್ಯರ್ 1969ರಲ್ಲಿ ಸ್ಥಾಪಿಸಿದ ವೈದ್ಯಕೀಯ ಸಂಸ್ಥೆಯ ಪದ್ಧತಿ ಇನ್ನೊಂದು ತೆರನಾದುದು. ಅಲ್ಲಿ ಪ್ರತಿಯೊಂದು ತಂಡವೂ ಒಂದು ಹಳ್ಳಿಯನ್ನು ತನ್ನದೆಂದು ಆರಿಸಿಕೊಳ್ಳುತ್ತದೆ. ಆರಂಭದಲ್ಲಿ ಶಿಬಿರ ಹೂಡಿ ಹಳ್ಳಿಯಲ್ಲಿಯೇ ಇದ್ದು, ಪ್ರತಿ ವಿದ್ಯಾರ್ಥಿಯೂ ಕೆಲವು ಕುಟುಂಬಗಳ ಪರಿಚಯ ಮಾಡಿಕೊಂಡು, ಮುಂದಿನ ವರ್ಷಗಳಲ್ಲಿ ಅದೇ ಕುಟುಂಬಗಳಿಗೆ ಮತ್ತೆ ಮತ್ತೆ ಹೋಗುತ್ತಾನೆ. ಮಳ್ಳೂರಿನಲ್ಲಿ ವಾಸ, ಸೇವಾಗ್ರಾಮದಲ್ಲಿ ಸಂಬಂಧದ ಮುಂದುವರಿಕೆ. ಇವೆರಡೂ ಕೂಡಿದಾಗಲೇ ದೀರ್ಘಕಾಲದ ಗ್ರಾಮವಾಸವೆಂಬ ಮಾತಿಗೆ ಅರ್ಥ ಬರುವುದು.

ದೀರ್ಘಕಾಲವೆಂದರೆ ಎಷ್ಟೆಂಬುದನ್ನು ತಿಳಿಯಲು ಮತ್ತೆ ಬಬ್ಬೂರಿಗೆ ಬರೋಣ. ಚಿತ್ರದುರ್ಗ ಜಿಲ್ಲೆಯ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡಿನ ಅಂಶ ಮಿತಿಮೀರಿರುವುದು ಸರ್ವವಿದಿತ. ಒಂದು ಲೀಟರ್ ನೀರಿನಲ್ಲಿ 1.5 ಮಿಲಿಗ್ರಾಮಿಗಿಂತ ಹೆಚ್ಚು ಇರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಕೆರೆ, ತೆರೆದ ಬಾವಿಗಳನ್ನು ಬಿಟ್ಟು ಆಳದ ಕೊಳವೆಬಾವಿಯ ನೀರನ್ನು ಕುಡಿಯತೊಡಗಿದ ಮೇಲೆ ಈ ತೊಂದರೆ ಬೆಳೆಯಿತು. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆಗಳು. ವರ್ಷಗಳು ಕಳೆದಂತೆ ದೊಡ್ಡವರಲ್ಲಿ ಬೆನ್ನು, ಕುತ್ತಿಗೆ, ಮಂಡಿಗಳು ಬಿಗಿಯುವುದು. ದಕ್ಷಿಣ ಭಾರತದಲ್ಲಿ ಇದನ್ನು ನೆಲ್ಲೂರು ಜಿಲ್ಲೆಯಲ್ಲಿ ಗುರುತಿಸಿ ವೈದ್ಯಪತ್ರಿಕೆಯಲ್ಲಿ ವಿವರಿಸಿದುದು 1937ರಲ್ಲಿ. ಹಲ್ಲು ಮಗುವಿನಲ್ಲಿ, ಬೆನ್ನು ಅಜ್ಜನಲ್ಲಿ, ಕಾರಣ ಊರಿನ ಹೊರಗಣ ಕೊಳವೆಬಾವಿಯಲ್ಲಿ. ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಬೇಕಾದರೆ ವೈದ್ಯನು ಮಗುವನ್ನೂ ಅಜ್ಜನನ್ನೂ ಒಂದೇ ಜಗಲಿಯ ಮೇಲೆ ನೋಡಬೇಕು, ಅದೇ ಮನೆಯ ಬಿಂದಿಗೆಯ ನೀರು ಕುಡಿಯಬೇಕು.

ಸ್ವಂತದ ಮಾತೊಂದನ್ನು ವಾಚಕರು ಮನ್ನಿಸಬೇಕು. ಇದೇ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದ ನನ್ನ ಅಜ್ಜಿ ಹನ್ನೆರಡು ವರ್ಷ ಮಂಡಿನೋವಿನಿಂದ ನರಳಿದರು. ಕೊನೆಕೊನೆಗೆ ಬೆನ್ನು ಬಾಗಿ, ಪಕ್ಕಕ್ಕೆ ನೋಡಬೇಕಾದರೆ ಮೈಯನ್ನೇ ತಿರುಗಿಸಬೇಕಾಗುತ್ತಿತ್ತು. ನಾವು ಕರೆದುಕೊಂಡು ಹೋದ ಆಸ್ಪತ್ರೆಯಲ್ಲಿ ತರುಣ ವೈದ್ಯರು ವರ್ಷಕ್ಕೊಬ್ಬರಂತೆ ಬದಲಾದರು. ಎಲ್ಲರೂ ಮೃದುವಾಗಿಯೇ ಮಾತನಾಡಿಸಿ ನೋವಿನ ಗುಳಿಗೆ ಬರೆದುಕೊಟ್ಟರು. ಯಾವ ನೀರು ಕುಡಿಯುತ್ತೀರಿ ಅಜ್ಜಿ ಎಂದು ಒಬ್ಬರೂ ಕೇಳಲಿಲ್ಲ. ಅವರ ಕಾಯಿಲೆ ಫ್ಲೋರೈಡಿನದೇ ಎಂದು ಹೇಳುವ ಅಧಿಕಾರ ನನಗಿಲ್ಲ; ಮುಪ್ಪಿನ ವಾತವೂ ಇದ್ದೀತು. ಆ ಪ್ರಶ್ನೆ ಕೇಳಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲವೆಂಬುದಷ್ಟೇ ಇಲ್ಲಿ ನಾನು ಹೇಳಬಯಸುವುದು.

ನೀರಿನ ಪ್ರಶ್ನೆಯನ್ನಾದರೂ ಒಂದು ದಿನದಲ್ಲಿ ಕೇಳಿ ತಿಳಿಯಬಹುದು. ಕೇಳಿದರೂ ಉತ್ತರ ದೊರೆಯದ ಸಂಗತಿಗಳುಂಟು. ಹಿರಿಯೂರು, ಚಳ್ಳಕೆರೆ ಸೀಮೆಯಲ್ಲಿಯೂ ನೆರೆಯ ತುಮಕೂರು ಜಿಲ್ಲೆಯಲ್ಲಿಯೂ ಕಾಡುಗೊಲ್ಲರ ಹಟ್ಟಿಗಳಿವೆ. ಸೂತಕದ ಕಟ್ಟಳೆಯಂತೆ ಮುಟ್ಟಾದ ಹೆಂಗಸರೂ, ಹೆತ್ತ ಬಾಣಂತಿಯೂ ಕೂಸೂ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿರುವ ಪದ್ಧತಿ ಈ ಹಟ್ಟಿಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಸರ್ಕಾರ ಇಂಥವರಿಗಾಗಿ ಕೃಷ್ಣಕುಟೀರಗಳೆಂಬ ಕಟ್ಟಡಗಳನ್ನು ಕಟ್ಟಿಸಿದ್ದುಂಟು. ಆದರೂ 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಮಳೆ ಗಾಳಿಯ ನಡುವೆ ಗುಡಿಸಲಿನಲ್ಲಿದ್ದ ಬಾಣಂತಿಯ ಕೂಸು ತೀರಿಕೊಂಡ ಸುದ್ದಿ ನಾಡನ್ನೆಲ್ಲ ಕಲಕಿತು. ಪಟ್ಟಣದಿಂದ ಬಂದವನು ಈ ಆಚಾರವನ್ನು ಕಂಡು ಕೋಪಿಸಿಕೊಂಡು ಹಿಂದಿರುಗುವುದು ಸುಲಭ. ಹಟ್ಟಿಯಲ್ಲಿ ಯಾರ ಮಾತು ನಡೆಯುತ್ತದೆ, ಪೂಜಾರಿಯದೋ ಯಜಮಾನನದೋ ಮನೆಯ ಹಿರಿಯ ಅತ್ತೆಯದೋ. ದೇವರ ಭಯ ಎಲ್ಲಿ ಮುಗಿದು ನೆರೆಯವರ ಭಯ ಎಲ್ಲಿ ಮೊದಲಾಗುತ್ತದೆ. ಕಟ್ಟಳೆ ಮೀರದೆಯೇ ಕೂಸನ್ನು ಬೆಚ್ಚಗಿಡುವ ದಾರಿ ಯಾವುದು, ಇವನ್ನು ತಿಳಿಯಬೇಕಾದರೆ ಒಂದು ಬಸಿರನ್ನಾದರೂ ಮೊದಲ ತಿಂಗಳಿನಿಂದ ಬಾಣಂತನದ ಕೊನೆಯವರೆಗೆ ಪಕ್ಕದಲ್ಲಿದ್ದು ನೋಡಬೇಕು. ಅಲ್ಲಿಗೆ ಲೆಕ್ಕ ತಾನಾಗಿ ಹತ್ತು ಹನ್ನೊಂದು ತಿಂಗಳಿಗೆ ಬಂದು ನಿಲ್ಲುತ್ತದೆ. ಒಕ್ಕಲುತನದ ಲೆಕ್ಕವೂ ಅಷ್ಟೇ. ಶೇಂಗಾ ಬಿತ್ತನೆಯ ಕಾಲದ ಸಾಲ, ಔಷಧ ಹೊಡೆಯುವ ಕಾಲದ ವಿಷಬಾಧೆ, ಸುಗ್ಗಿಯ ಕಾಲದ ಬೆನ್ನುನೋವು, ಬೇಸಗೆಯ ವಾಂತಿಭೇದಿ, ಇವು ಒಂದು ವರ್ಷದ ಸುತ್ತಿನಲ್ಲಿ ಒಂದೊಂದಾಗಿ ಎದುರಾಗುತ್ತವೆ. ಎರಡು ವಾರದ ಶಿಬಿರ ಈ ಚಕ್ರದ ಯಾವುದೋ ಒಂದು ಅರೆಯನ್ನು ಮಾತ್ರ ಕಂಡೀತು.

ಹೊರದೇಶಗಳಲ್ಲಿ ಈ ಲೆಕ್ಕವನ್ನು ಕೆಲವರು ಪಾಠಕ್ರಮಕ್ಕೆ ಇಳಿಸಿದ್ದಾರೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯ 1971ರಿಂದ ಮೂರನೆಯ ವರ್ಷದ ಕೆಲವು ವೈದ್ಯವಿದ್ಯಾರ್ಥಿಗಳನ್ನು ಒಂಬತ್ತು ತಿಂಗಳು ಹಳ್ಳಿಗಾಡಿನ ವೈದ್ಯರ ಬಳಿ ಇರಿಸತೊಡಗಿತು. ಆಸ್ಟ್ರೇಲಿಯದ ಫ್ಲಿಂಡರ್ಸ್ ವಿಶ್ವವಿದ್ಯಾನಿಲಯ 1997ರಲ್ಲಿ ಎಂಟು ಮಂದಿ ವಿದ್ಯಾರ್ಥಿಗಳನ್ನು ರಿವರ್‌ಲ್ಯಾಂಡ್ ಎಂಬ ಸೀಮೆಗೆ ಇಡೀ ಒಂದು ವರ್ಷದ ಮಟ್ಟಿಗೆ ಕಳುಹಿಸಿತು. ರೂಢಿಯ ಪದ್ಧತಿಯಲ್ಲಿ ವಿದ್ಯಾರ್ಥಿ ಆರು ವಾರ ಶಸ್ತ್ರಚಿಕಿತ್ಸೆ, ಆರು ವಾರ ಮಕ್ಕಳ ವಿಭಾಗ, ಆರು ವಾರ ಹೆರಿಗೆ ವಿಭಾಗ ಎಂದು ಸುತ್ತುತ್ತಾನೆ. ರೋಗಿಗಳು ವಿಭಾಗಕ್ಕೆ ಸೇರಿದವರು. ಇಲ್ಲಿ ಹಾಗಲ್ಲ. ಒಬ್ಬ ಗರ್ಭಿಣಿ ಬಂದರೆ ಅದೇ ವಿದ್ಯಾರ್ಥಿ ಅವಳನ್ನು ಪರೀಕ್ಷಿಸಿ, ಹೆರಿಗೆಯಲ್ಲಿ ಹಾಜರಿದ್ದು, ಹುಟ್ಟಿದ ಕೂಸಿಗೆ ಚುಚ್ಚುಮದ್ದು ಹಾಕಿಸಿ, ಅದೇ ಮನೆಯ ಮುದುಕನ ರಕ್ತದೊತ್ತಡವನ್ನೂ ನೋಡುತ್ತಾನೆ. ಪರೀಕ್ಷೆಗೆ ನಗರದ ಸಹಪಾಠಿಗಳೊಡನೆಯೇ ಕೂಡುತ್ತಾನೆ. ಹಳ್ಳಿಗೆ ಹೋದವರು ಅಂಕಗಳಲ್ಲಿ ಹಿಂದೆ ಬೀಳುವರೆಂಬ ಭೀತಿ ಹುಸಿಯಾಯಿತು. ಅವರ ಅಂಕಗಳು ಮೇಲಾಗಿಯೇ ಇದ್ದುವೆಂದು 2004ರಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯೊಂದರಲ್ಲಿ ವರದಿಯಾಯಿತು. ಆ ಸೀಮೆಯಲ್ಲಿ ಕಲಿಸಬಲ್ಲ ನುರಿತ ವೈದ್ಯರು ಮೊದಲೇ ಇದ್ದರೆಂಬುದನ್ನು ಮಾತ್ರ ನಾವು ಗಮನದಲ್ಲಿಟ್ಟುಕೊಳ್ಳಬೇಕು.

ನಮ್ಮಲ್ಲಿ ಇತ್ತೀಚೆಗೆ ನಡೆದಿರುವುದೇನು? ಕರ್ನಾಟಕ ಸರ್ಕಾರ 2012ರಲ್ಲಿ ಮಾಡಿ 2015ರಿಂದ ಜಾರಿಗೆ ತಂದ ಕಾಯಿದೆಯ ಪ್ರಕಾರ ವೈದ್ಯಪದವಿ ಮುಗಿಸಿದವರು ಒಂದು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಬೇಕಾಯಿತು. ಅದರ ಹೆಸರಿನಲ್ಲಿ ‘ಸೇವಾ ತರಬೇತಿ’ ಎಂಬ ಜೋಡುಮಾತಿದೆ. ಸೇವೆಯಂತೂ ಸರಿ, ತರಬೇತಿ ನೀಡುವವರಾರು ಎಂಬುದಕ್ಕೆ ತಕ್ಕ ಏರ್ಪಾಟು ಕಾಣದು. ಎಷ್ಟೋ ಕೇಂದ್ರಗಳಲ್ಲಿ ಹಾಗೆ ಹೋದವನೇ ಏಕಮಾತ್ರ ವೈದ್ಯ. 2023ರ ತಿದ್ದುಪಡಿ ಖಾಲಿ ಹುದ್ದೆಗಳಿದ್ದಷ್ಟಕ್ಕೆ ಮಾತ್ರ ಈ ಕಡ್ಡಾಯವನ್ನು ಸೀಮಿತಗೊಳಿಸಿತು. ಹುದ್ದೆ ತುಂಬಿದರೆ ತರಬೇತಿ ಬೇಡವೆಂದಾದ ಮೇಲೆ ಅದು ಮೊದಲಿನಿಂದಲೂ ಹುದ್ದೆ ತುಂಬುವ ಉಪಾಯವಾಗಿದ್ದಿತೆಂದು ಚರಿತ್ರಕಾರನು ತೀರ್ಮಾನಿಸಿದರೆ ತಪ್ಪಾಗಲಾರದು.

ಇದಕ್ಕಿಂತ ಹೆಚ್ಚು ಆಸೆ ಹುಟ್ಟಿಸುವುದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಂದ ಕುಟುಂಬ ದತ್ತು ಕಾರ್ಯಕ್ರಮ. ಮೊದಲ ವರ್ಷದಿಂದಲೇ ಪ್ರತಿ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು ತನ್ನವೆಂದು ಭಾವಿಸಿ ಮೂರು ಹಂತಗಳಲ್ಲಿ ಅವುಗಳ ಆರೋಗ್ಯವನ್ನು ಗಮನಿಸುತ್ತ ಬರಬೇಕು. ಸೇವಾಗ್ರಾಮದ ಪದ್ಧತಿ ಇಡೀ ದೇಶಕ್ಕೆ ವಿಸ್ತರಿಸಿದಂತಾಯಿತು. ಆದರೆ ಗಂಟೆಗಳನ್ನು ಎಣಿಸಿದರೆ ಮೊದಲ ಹಂತಕ್ಕೆ 27, ಎರಡನೆಯದಕ್ಕೆ 30, ಮೂರನೆಯದಕ್ಕೆ 21, ಒಟ್ಟು 78. ಎಡೆಬಿಡದೆ ಎಣಿಸಿದರೆ ಮೂರೂಕಾಲು ದಿನ. ‘ದತ್ತು’ ಎಂಬ ಮಾತೂ ನನಗೆ ಒಗ್ಗದು. ಹದಿನೆಂಟರ ಹುಡುಗ ಅರವತ್ತರ ಒಕ್ಕಲಿಗನನ್ನು ದತ್ತು ತೆಗೆದುಕೊಳ್ಳುವುದೆಂದರೇನು? ನಿಜಕ್ಕೂ ದತ್ತು ಹೋಗುವವನು ವಿದ್ಯಾರ್ಥಿ. ಅವನನ್ನು ಒಳಗೆ ಕರೆದು, ಮಣೆ ಹಾಕಿ, ಮನೆಯ ಗುಟ್ಟನ್ನು ಹೇಳುವವರು ಆ ಕುಟುಂಬದವರು. ಅವರಿಗೆ ಇದರಿಂದ ದೊರೆಯುವುದೇನೆಂಬ ಪ್ರಶ್ನೆಯನ್ನು ಕಾರ್ಯಕ್ರಮದ ಕಾಗದಗಳು ಸಾಕಷ್ಟು ಕೇಳಿಕೊಂಡಿಲ್ಲ. ವರ್ಷವರ್ಷವೂ ಹೊಸ ಹುಡುಗರು ಬಂದು ಅದೇ ಪ್ರಶ್ನಾವಳಿಯನ್ನು ತುಂಬಿಸಿಕೊಂಡು ಹೋದರೆ ಊರಿನವರು ಬೇಸರಪಡುವುದು ಸಹಜ. ಕಡೆಗೆ ಅವರು ನಿಜ ಹೇಳುವುದನ್ನು ಬಿಟ್ಟು ವಿದ್ಯಾರ್ಥಿಗೆ ಬೇಕಾದ ಉತ್ತರ ಹೇಳತೊಡಗುತ್ತಾರೆ.

ವಾಸಕ್ಕೆ ಅಡ್ಡಿಗಳು ಇಲ್ಲವೆಂದಲ್ಲ. ವೈದ್ಯವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಬಹು ದೊಡ್ಡದು; ಅವರಿಗೆ ಭದ್ರವಾದ ವಸತಿ, ಶೌಚಗೃಹ ಒದಗಿಸದೆ ಗ್ರಾಮವಾಸದ ಮಾತನಾಡುವುದು ಬರಿಯ ಬೋಧೆಯಾದೀತು. ಪಾಠ ಹೇಳುವವರ ಕೊರತೆ ಇನ್ನೂ ದೊಡ್ಡದು. ಈ ವಿಷಯದಲ್ಲಿ ನಾವು ಉಪಾಧ್ಯಾಯರೆಂಬ ಮಾತಿನ ಅರ್ಥವನ್ನು ಸ್ವಲ್ಪ ಹಿಗ್ಗಿಸಬೇಕಾಗುತ್ತದೆ. ಊರಿನ ಆಶಾ ಕಾರ್ಯಕರ್ತೆಗೆ ಯಾವ ಮನೆಯಲ್ಲಿ ಯಾರು ಬಸಿರಿ, ಯಾರು ಕ್ಷಯದ ಗುಳಿಗೆಯನ್ನು ಅರ್ಧಕ್ಕೆ ಬಿಟ್ಟರು ಎಂಬುದು ಬಾಯಿಪಾಠ. ಅಂಗನವಾಡಿಯ ಶಿಕ್ಷಕಿ ಮಕ್ಕಳನ್ನು ತೂಗಿ ತೂಗಿ ಬರಗಾಲದ ವರ್ಷವನ್ನು ತಕ್ಕಡಿಯಲ್ಲಿ ಕಂಡವಳು. ಇವರು ಪದವೀಧರರಲ್ಲದಿದ್ದರೂ ಕಲಿಸಬಲ್ಲರು. ಅದಕ್ಕಾಗಿ ಅವರಿಗೆ ಸಂಭಾವನೆ ಸಲ್ಲಬೇಕು.

ಚಿತ್ರದುರ್ಗದಲ್ಲಿ ಹಿಂದಿನಿಂದ ಖಾಸಗಿ ವೈದ್ಯಕೀಯ ಕಾಲೇಜೊಂದಿದ್ದು, 2023ರಲ್ಲಿ ಸರ್ಕಾರಿ ಕಾಲೇಜೂ ಆರಂಭವಾಗಿದೆ. ಬಬ್ಬೂರಿನಂಥ ಹಳ್ಳಿಗಳು ಇವುಗಳಿಗೆ ಒಂದು ಗಂಟೆಯ ದಾರಿ. ಇಡೀ ವರ್ಷದ ವಾಸ ಈಗಲೇ ಸಾಧ್ಯವಾಗದೆ ಹೋಗಬಹುದು. ಆದರೆ 2021ರ ನಿಯಮಗಳಂತೆ ಇಂಟರ್ನ್‌ಶಿಪ್ಪಿನಲ್ಲಿ ಸಮುದಾಯ ವೈದ್ಯಕ್ಕೆ 12 ವಾರಗಳಿವೆ. ಮೂರು ಹಂತಗಳ ಕಾಲ ಯಾವ ಕುಟುಂಬಗಳಿಗೆ ವಿದ್ಯಾರ್ಥಿ ಹೋಗಿ ಬರುತ್ತಿದ್ದನೋ ಅದೇ ಹಳ್ಳಿಗೆ ಈ 12 ವಾರಗಳ ಮಟ್ಟಿಗೆ ಅವನನ್ನು ವಾಸಕ್ಕೆ ಕಳುಹಿಸಿದರೆ, ಮೊದಲ ವರ್ಷದಲ್ಲಿ ಎತ್ತಿಕೊಂಡಿದ್ದ ಕೂಸು ಅಂಗನವಾಡಿಗೆ ಹೋಗುವುದನ್ನು ಅವನು ಕಂಡಾನು, ಆ ಮನೆಯವರೂ ಅವನು ವೈದ್ಯನಾದುದನ್ನು ಕಂಡಾರು. ಇದಕ್ಕೆ ಹೊಸ ಕಾಯಿದೆಯಾಗಲಿ ಹೊಸ ಸಮಿತಿಯಾಗಲಿ ಬೇಕಿಲ್ಲ. ಕಾಲೇಜಿನ ಕಚೇರಿಯಲ್ಲಿ ಹಂಚಿಕೆಯ ಪಟ್ಟಿ ತಯಾರಿಸುವಾಗ ಕುಟುಂಬಗಳ ಹಳೆಯ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡರೆ ಸಾಕು.